ದಲಾಲಿ ಶಟ್ಟೆಪ್ಪ ಮಾವನ ಪ್ರಾಸ್ಟೇಟ್ ವ್ಯಾಪಾರ

ನಮ್ಮ ಸೋದರಮಾವ ಶಟ್ಟೆಪ್ಪ ಬಾಯಿಬಿಟ್ಟು ಒಂದು ಸಂಖ್ಯೆ ಹೇಳಿದ್ದನ್ನು ನಾನು ಹೋದ ವರ್ಷದವರೆಗೆ ಕೇಳಿರಲಿಲ್ಲ. ವಯಸ್ಸೆಷ್ಟು ಎಂದು ಕೇಳಿದರೆ ‘ಆಗೇತಿ’ ಎನ್ನುತ್ತಾನೆ. ಗಂಟೆ ಎಷ್ಟು ಎಂದರೆ ಕೈಗಡಿಯಾರವನ್ನೇ ನಮ್ಮ ಮುಖದ ಮುಂದೆ ಹಿಡಿಯುತ್ತಾನೆ. ಊಟಕ್ಕೆ ಕುಳಿತಾಗ ನಮ್ಮತ್ತೆ ಬಾಯವ್ವ ಇನ್ನೆಷ್ಟು ರೊಟ್ಟಿ ಎಂದು ಕೇಳಿದರೆ ‘ಹಾಕು’ ಎನ್ನುತ್ತಾನೆ, ಸಾಕಾದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾನೆ.

ಇದಕ್ಕೆ ಕಾರಣ ಅವನ ಕಸುಬು. ಮಾವ ದನದ ದಲಾಲಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ದನದ ಸಂತೆಗಳಲ್ಲಿ ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನು. ಈ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು. ಸುತ್ತ ಎಷ್ಟೇ ಮಂದಿ ಕಣ್ಣು ಬಿಟ್ಟು ನಿಂತಿರಲಿ, ಕಾಣುವುದು ವಸ್ತ್ರ ಮಾತ್ರ. ದಲಾಲಿಯಾದವನು ಮಾರುವವನ ಕೈಯಿಂದ ಒಂದು ಸಂಖ್ಯೆ ತೆಗೆದುಕೊಂಡು ಕೊಳ್ಳುವವನ ಕೈಗೆ ಇನ್ನೊಂದು ಸಂಖ್ಯೆ ದಾಟಿಸುತ್ತಾನೆ. ಅವನ ಅನ್ನವಿರುವುದು ಆ ಎರಡರ ನಡುವಿನ ಸಂದಿಯಲ್ಲಿ. ತನಗೆ ಬಂದ ಸಂಖ್ಯೆಯನ್ನು ಬಂದ ಹಾಗೆಯೇ ದಾಟಿಸುವವನು ದಲಾಲಿಯೇ ಅಲ್ಲ ಎಂದು ಮಾವ ನನಗೆ ಎಷ್ಟೋ ಸಲ ಹೇಳಿದ್ದಾನೆ.

ನಾನು ಮಾಳಪ್ಪ, ಅವನ ಅಕ್ಕನ ಮಗ. ಬೈಲಹೊಂಗಲದಲ್ಲಿ ನನ್ನದೊಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇದೆ. ಜೊತೆಗೆ ದುರದೃಷ್ಟವಶಾತ್ ಒಂದು ಕಾರೂ ಇದೆ. ಕಾರು ಕೊಂಡ ದಿನದಿಂದ ಮಾವನ ಊರು ಸಂಪಗಾಂವದ ಬಳಗಕ್ಕೆಲ್ಲ ನನ್ನ ಮೇಲೆ ವಿಪರೀತ ಪ್ರೀತಿ. ಮದುವೆಗೆ ನಾನು ಬೇಕು, ಮಣ್ಣಿಗೆ ನಾನು ಬೇಕು, ಹೆರಿಗೆಗೂ ನಾನೇ ಬೇಕು. ಹೋದ ವರ್ಷ ಮಾವನ ಪ್ರಾಸ್ಟೇಟಿಗೂ ನಾನು ಬೇಕಾದೆ. ಅಂಥದೊಂದು ಗ್ರಂಥಿ ಗಂಡಸರ ಮೂತ್ರಚೀಲದ ಕೆಳಗೆ ಸದ್ದಿಲ್ಲದೆ ಕೂತಿರುತ್ತದೆ ಎಂಬುದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಸುದ್ದಿ ತಂದವಳು ಅತ್ತೆ. ಮಾವ ರಾತ್ರಿಯೆಲ್ಲ ಎದ್ದೆದ್ದು ಹಿತ್ತಿಲಿಗೆ ಹೋಗುತ್ತಿದ್ದ, ಹೋದರೆ ಬಹಳ ಹೊತ್ತು ನಿಲ್ಲುತ್ತಿದ್ದ. ಯಾಕೆಂದು ಕೇಳಿದರೆ ಎತ್ತಿಗೆ ಮೇವು ಹಾಕಲು ಹೋಗಿದ್ದೆ ಎನ್ನುತ್ತಿದ್ದ. ಆಗ ಅವರ ಕೊಟ್ಟಿಗೆಯಲ್ಲಿ ಎತ್ತೇ ಇರಲಿಲ್ಲ. ಅತ್ತೆ ಬಸ್ಸು ಹತ್ತಿ ನೆಟ್ಟಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

"ಮಾಳಪ್ಪಾ, ನಿಮ್ಮ ಮಾವನ್ನ ದವಾಖಾನಿಗೆ ಕರಕೊಂಡ ಹೋಗು," ಎಂದಳು. "ಏನ ಆಗೇತಿ ಅಂತ ಕೇಳಿ ನನಗ ಖರೇ ಹೇಳು. ಅವರ ಬಾಯಾಗಿಂದ ಖರೇ ಬರಂಗಿಲ್ಲ. ಎದಿಯಾಗ ಸ್ಪ್ರಿಂಗ್ ಹಾಕಿಸ್ಕೊಂಡ ಬಂದು ಗ್ಯಾಸ್ ಆಗಿತ್ತು ಅಂದ ಮನಶ್ಯಾ ಅವರು."

ಅವಳು ಹೇಳಿದ್ದು ಎರಡು ವರ್ಷದ ಹಿಂದಿನ ಮಾತು. ಮಾವ ತನ್ನ ಸಂತೆಯ ಗೆಳೆಯ ಅಮೋಘಸಿದ್ದಪ್ಪನ ಜೊತೆ ಹೋಗಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದ. ಹೆಂಡತಿಗೆ ಮಾತ್ರ ರಾಮದುರ್ಗದಲ್ಲಿ ವ್ಯಾಪಾರ ತಡವಾಯಿತು, ಹೊಟ್ಟೆಯಲ್ಲಿ ಸ್ವಲ್ಪ ಗ್ಯಾಸು, ಈಗ ಬರೋಬ್ಬರಿ ಐತಿ ಎಂದಿದ್ದ. ಎತ್ತಿನ ಬೆಲೆ ಕೇಳಿದರೂ ಅವನ ಉತ್ತರ ‘ಬರೋಬ್ಬರಿ ಐತಿ’, ಜ್ವರ ಎಷ್ಟಿದೆ ಎಂದರೂ ‘ಬರೋಬ್ಬರಿ ಐತಿ’. ಅತ್ತೆಗೆ ನಿಜ ತಿಳಿದದ್ದು ಎಷ್ಟೋ ತಿಂಗಳ ನಂತರ, ಹಿಟ್ಟಿನ ಗಿರಣಿಯಲ್ಲಿ, ಯಾರದೋ ಬಾಯಿಂದ. ಆ ದಿನ ಅವಳು ಜೋಳದ ಬುಟ್ಟಿಯನ್ನು ಗಿರಣಿಯಲ್ಲೇ ಬಿಟ್ಟು ಮನೆಗೆ ನಡೆದಿದ್ದಳು.

"ಈ ಸಲ ಅವರು ಬದುಕ್ತಾರೋ ಇಲ್ಲೋ ಅನ್ನೂದನ್ನೂ ನಾ ಗಿರಣ್ಯಾಗ ನಿಂತ ಕೇಳಬೇಕೇನು?" ಎಂದಳು ಅತ್ತೆ. ನಾನು ಚಹಾ ತರಿಸಿದೆ. ಅವಳು ಕುಡಿಯಲಿಲ್ಲ.

ಬೈಲಹೊಂಗಲದ ಡಾಕ್ಟರು ಮಾವನನ್ನು ನೋಡಿ ಪಿಎಸ್ಎ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ವರದಿ ಬಂತು. ಡಾಕ್ಟರು ಅದನ್ನು ನೋಡಿ, ಬಾಗಿಲು ತೆರೆದಿರುವಾಗಲೇ, "ನಾಲ್ಕರ ಆಸುಪಾಸು ಇರಬೇಕಾದದ್ದು ನಿಮಗ ಹದಿನಾಲ್ಕರ ಮ್ಯಾಲೆ ಐತಿ," ಎಂದರು. ಇಷ್ಟು ಏರಿದ್ದಕ್ಕೆ ಕ್ಯಾನ್ಸರೇ ಕಾರಣ ಎಂದೇನಿಲ್ಲ, ಗ್ರಂಥಿ ದೊಡ್ಡದಾದರೂ, ಸೋಂಕು ತಗಲಿದರೂ ಏರುತ್ತದೆ, ಆದರೆ ಬೆಳಗಾವಿಗೆ ಹೋಗಿ ಮೂತ್ರರೋಗದ ತಜ್ಞರಿಗೆ ತೋರಿಸಲೇಬೇಕು ಎಂದೂ ಹೇಳಿದರು. ಮಾವನಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಹೊರಗೆ ಬಂದವನೇ ಸಿಟ್ಟಿನಿಂದ ಹೆಗಲ ವಸ್ತ್ರ ಕೊಡವಿದ.

"ಹೊರಗ ಕುಂತ ಮಂದಿಗೆಲ್ಲಾ ಕೇಳೂವಂಗ ರೇಟ್ ಹೇಳಿಬಿಟ್ಟಾ ನೋಡು," ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಇರ್ಲಿ. ಮೊದಲ ಹೇಳೂ ರೇಟ್ ಯಾವಾಗ್ಲೂ ಹಂಗ ಇರತೈತಿ. ಇದ್ದ ಬೆಲಿಗಿಂತ ಏರಿಸೇ ಹೇಳ್ಯಾನ. ಬ್ಯಾರೆ ಸಂತ್ಯಾಗ ಕೇಳೂಣು," ಎಂದ.

ನಾನು ತಮಾಷೆ ಎಂದುಕೊಂಡೆ. ಮುಂದಿನ ವಾರ ಕಾರು ಸವದತ್ತಿಯ ಲ್ಯಾಬಿನ ಮುಂದೆ ನಿಂತಿತ್ತು. ಅಲ್ಲಿ ವರದಿ ಇಂಗ್ಲಿಷಿನಲ್ಲಿ ಬಂತು, ಓದಬೇಕಾದವನು ನಾನು. ಬಾಯಲ್ಲಿ ಹೇಳಬೇಡ ಎಂದು ಮಾವ ನನ್ನ ಕೈಯ ಮೇಲೆ ವಸ್ತ್ರ ಹೊದಿಸಿದ. ಹದಿಮೂರು ಪಾಯಿಂಟ್ ಐದು. ಹತ್ತಕ್ಕೆ ಹಸ್ತವನ್ನು ಎರಡು ಸಲ ಒತ್ತಿದೆ, ಮೂರು ಬೆರಳು ಹಿಡಿದೆ, ಪಾಯಿಂಟಿಗೆ ಬಂದು ಸಿಕ್ಕಿಬಿದ್ದೆ.

"ಮಾವಾ, ಇನ್ನೂ ಅರ್ಧಾ ಐತಿ. ಹೆಂಗ ಹಿಡೀಲಿ?"

"ಕಿರಿಬೆರಳ ನಡೂಕ ಹಿಡಿ," ಎಂದ ಮಾವ. ಹಿಡಿದೆ. ಅವನ ಮುಖ ಅರಳಿತು. "ನೋಡು, ಇಳೀತು. ಅವಸರಾ ಮಾಡಬಾರದು."

ಬೇರೆ ಬೇರೆ ಯಂತ್ರದಲ್ಲಿ ಅಷ್ಟು ಹೆಚ್ಚು ಕಡಿಮೆ ಬರುವುದು ಸಹಜ ಎಂದು ಲ್ಯಾಬಿನವರೇ ಹೇಳಿದರು. ಮಾವ ಅವರನ್ನು ನೋಡಿ ನಕ್ಕ. ಎರಡು ವಾರ ಬಿಟ್ಟು ರಾಮದುರ್ಗಕ್ಕೆ ಹೋದೆವು, ಅಲ್ಲಿ ಇನ್ನೂ ಒಂದು ಚೂರು ಇಳಿಯಿತು. ಹೀಗೇ ಕೈ ಬಿಡದೆ ಕುಳಿತರೆ ನಾಲ್ಕಕ್ಕೆ ಬರುತ್ತದೆ ಎಂದು ಮಾವ ಲೆಕ್ಕ ಹಾಕಿದ. ಕಿತ್ತೂರಿನಲ್ಲಿ ಹದಿನಾರು ಬಂತು. ಕಾರಿನ ಬಾಗಿಲನ್ನು ನನ್ನ ಎದೆ ಝಲ್ ಎನ್ನುವಂತೆ ಬಡಿದು ಒಳಗೆ ಕುಳಿತ ಮಾವ, "ನಮಗ ಗರಜ ಐತಿ ಅಂತ ಇವರಿಗೆ ವಾಸನಿ ಬಡದೈತಿ," ಎಂದ.

ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. "ಇದು ಎತ್ತಲ್ಲ ಮಾವಾ, ನಿನ್ನ ರಕ್ತ. ಇದಕ್ಕ ನಾಕೂರ ಸಂತಿ ಇಲ್ಲ," ಎಂದು ದಾರಿಯುದ್ದಕ್ಕೂ ಬೈದೆ. ಮಾವ ಕಿಟಕಿಯ ಆಚೆ ಕಬ್ಬಿನ ಹೊಲಗಳನ್ನು ನೋಡುತ್ತ ಕುಳಿತಿದ್ದ. ಸಂಪಗಾಂವ ಬಂದಾಗ, ಇಳಿಯುವ ಮೊದಲು, ಬೆಳಗಾವಿಗೆ ಹೋಗೋಣ ಎಂದ. ಜೊತೆಗೆ ಒಂದು ಆಣೆಯನ್ನೂ ಹಾಕಿದ.

"ಬಾಯವ್ವಗ ಏನ ಹೇಳೂದೈತಿ ಅದನ್ನ ನಾನ ಹೇಳತೇನಿ. ರಿಪೋರ್ಟಿನಾಗಿಂದು ನೀ ಬಾಯಿ ಬಿಟ್ರ ನನ್ನ ಹೆಣಾ ನೋಡಿದಂಗ."

ಒಂದು ಕಡೆ ಖರೇ ಹೇಳು ಎನ್ನುವ ಅತ್ತೆ, ಇನ್ನೊಂದು ಕಡೆ ಹೆಣದ ಆಣೆ. ನನಗೆ ಕಾರಿನ ಮೇಲೆಯೇ ಸಿಟ್ಟು ಬಂತು.

ಬೆಳಗಾವಿಗೆ ಅಮೋಘಸಿದ್ದಪ್ಪನೂ ಬಂದ. ಇವನೂ ದಲಾಲಿ, ಸಂತೆಯಲ್ಲಿ ಮಾವನ ಹುಟ್ಟಾ ಎದುರಾಳಿ, ಸಂತೆ ಮುಗಿದ ಮೇಲೆ ಒಂದೇ ತಾಟಿನಲ್ಲಿ ಉಣ್ಣುವವನು. ದನ ನೋಡಲು ಯಾರೂ ಒಬ್ಬರೇ ಹೋಗುವುದಿಲ್ಲ, ಇನ್ನೊಂದು ಜೋಡಿ ಕಣ್ಣು ಬೇಕು ಎಂಬುದು ಅವರ ನಿಯಮ. ಡಾಕ್ಟರನ್ನು ಹೇಗೆ ಆರಿಸಬೇಕು ಎಂದು ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಚರ್ಚಿಸಿದರು. ಹಿಂದಿನಿಂದ ಬೆರಳಿಟ್ಟು ಪರೀಕ್ಷೆ ಮಾಡುತ್ತಾರೆ ಎಂದು ಅಮೋಘಸಿದ್ದಪ್ಪ ಎಲ್ಲೋ ಕೇಳಿದ್ದ. ಆದ್ದರಿಂದ ಕೈ ನೋಡಿಯೇ ಒಪ್ಪಬೇಕು ಎಂದು ತೀರ್ಮಾನವಾಯಿತು.

ಮೊದಲ ಆಸ್ಪತ್ರೆಯಲ್ಲಿ ಡಾಕ್ಟರು ಬರಮಾಡಿಕೊಂಡು ಕೈ ಕುಲುಕಿದರು. ಮಾವ ಅವರ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸವರಿ, ನಮಸ್ಕಾರ ಮಾಡಿ ಎದ್ದು ಹೊರಗೆ ನಡೆದ. "ಕುಸ್ತಿ ಹಿಡಿಯೂ ಕೈ ಐತಿ. ಬ್ಯಾಡ," ಎಂದ. ನಾನು ಒಳಗೆ ಹೋಗಿ ಕ್ಷಮೆ ಕೇಳಿ ಬಂದೆ. ಏನೆಂದು ಕ್ಷಮೆ ಕೇಳಿದೆ ಎಂದು ದಯವಿಟ್ಟು ಕೇಳಬೇಡಿ.

ಎರಡನೆಯ ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಗೌತಮ. ಇನ್ನೂ ತರುಣರು, ಮಲಪ್ರಭೆಯ ದಂಡೆಯ ಮನೋಳಿಯ ರೈತರ ಮನೆಯವರು. ಕೈ ತೆಳ್ಳಗಿತ್ತು, ಬೆರಳು ಒಣಗಿದ್ದವು, ನಡುಗುತ್ತಿರಲಿಲ್ಲ. ಮಾವ ಅಮೋಘಸಿದ್ದಪ್ಪನ ಕಡೆ ನೋಡಿದ. ಅಮೋಘಸಿದ್ದಪ್ಪ ಕಣ್ಣಿನಲ್ಲೇ ಹೂಂ ಎಂದ. ಮನೋಳಿ ಎಂದ ಕೂಡಲೇ ಮಾವನಿಗೆ ಡಾಕ್ಟರ ಅಜ್ಜನ ಎತ್ತುಗಳು ನೆನಪಿಗೆ ಬಂದವು. ಅಜ್ಜ ನೆನಪಿಗೆ ಬರಲಿಲ್ಲ.

ಡಾಕ್ಟರು ಪರದೆ ಎಳೆದು, ಕೈಗವಸು ಹಾಕಿ, ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡಿದರು. ಒಂದೇ ನಿಮಿಷದ ಕೆಲಸ. ಹೊರಗೆ ಬಂದ ಮಾವನನ್ನು ಅಮೋಘಸಿದ್ದಪ್ಪ ಕಾಳಜಿಯಿಂದ ವಿಚಾರಿಸಿದ.

"ಎಷ್ಟ ಹಿಡದಾ?"

"ಒಂದು."

"ಒಂದಕ್ಕ ಒಪ್ಪಬ್ಯಾಡ," ಎಂದ ಅಮೋಘಸಿದ್ದಪ್ಪ. ಮಾವ ಬಾಯಿಬಿಟ್ಟು ಸಂಖ್ಯೆ ಹೇಳಿದ್ದನ್ನು ಕೇಳಿರಲಿಲ್ಲ ಎಂದು ಮೊದಲೇ ಬರೆದೆ. ಇದನ್ನು ಅವನು ಅಮೋಘಸಿದ್ದಪ್ಪನ ಕಿವಿಯಲ್ಲಿ ಹೇಳಿದ, ನನಗೆ ಕಾರಿನಲ್ಲಿ ಅಮೋಘಸಿದ್ದಪ್ಪ ಹೇಳಿದ.

ಗ್ರಂಥಿಯ ಒಂದು ಬದಿ ಗಟ್ಟಿಯಾಗಿದೆ, ಬಯಾಪ್ಸಿ ಮಾಡಬೇಕು ಎಂದರು ಡಾಕ್ಟರು. ಹಿಂದಿನಿಂದ ಅಲ್ಟ್ರಾಸೌಂಡ್ ಕೊಳವೆ ಇಟ್ಟು ಗ್ರಂಥಿಯನ್ನು ಪರದೆಯ ಮೇಲೆ ನೋಡುತ್ತ, ಸಣ್ಣ ಸೂಜಿಯಿಂದ ಅದರ ಬೇರೆ ಬೇರೆ ಜಾಗದಿಂದ ಎಳೆಯಷ್ಟು ಚೂರು ತೆಗೆಯುವುದು. ಜಾಗ ಮರಗಟ್ಟಿಸುತ್ತೇವೆ, ಎಚ್ಚರವಾಗಿಯೇ ಇರುತ್ತೀರಿ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಹೋಗಬಹುದು ಎಂದು ನಿಧಾನವಾಗಿ ಬಿಡಿಸಿ ಹೇಳಿದರು.

"ಎಷ್ಟ ಚೂರರಿ?" ಎಂದು ಕೇಳಿದವನು ಅಮೋಘಸಿದ್ದಪ್ಪ.

"ಹನ್ನೆರಡು."

"ಅದರಾಗ ಅರ್ಧಾ ಮಾಡ್ರಿ," ಎಂದ ಮಾವ.

"ಕಡಿಮಿ ತಗದ್ರ ರೋಗ ಇದ್ದ ಜಾಗಾನ ತಪ್ಪಿಹೋಗಬಹುದು ಕಾಕಾರ. ಆಮ್ಯಾಲೆ ಮತ್ತ ಚುಚ್ಚಬೇಕಾಗತೈತಿ. ಇದರಾಗ ಚೌಕಾಸಿ ಇಲ್ಲ."

ಮಾವನಿಗೆ ಇದು ಹಿಡಿಸಿತು. ಒಂದೇ ಮಾತಿನ ಮನುಷ್ಯ ಎಂದು ಅಮೋಘಸಿದ್ದಪ್ಪನಿಗೆ ಸನ್ನೆ ಮಾಡಿದ. ಆಮೇಲೆ ಡಾಕ್ಟರು ರಕ್ತ ತೆಳ್ಳಗೆ ಮಾಡುವ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಮಾವ ಇಲ್ಲ ಎಂದ. ಅಮೋಘಸಿದ್ದಪ್ಪ ಮೇಲೆ ತಿರುಗುವ ಫ್ಯಾನು ನೋಡತೊಡಗಿದ. ನಾನು ಸುಮ್ಮನಿರಲಿಲ್ಲ, ಸ್ಟೆಂಟಿನ ಕಥೆ ಹೇಳಿದೆ. ಆಣೆ ಇದ್ದದ್ದು ಅತ್ತೆಯ ಮುಂದೆ, ಡಾಕ್ಟರ ಮುಂದಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದನ್ನ ಮುಚ್ಚಿಟ್ಟಿದ್ರ ರಕ್ತ ನಿಲ್ಲಸೂದು ಕಠಿಣ ಆಗತಿತ್ತು ಕಾಕಾರ. ಹಂಗಂತ ನೀವಾಗೇ ಗುಳಿಗಿ ಬಿಡಾಕೂ ಬರಂಗಿಲ್ಲ. ಹೃದಯದ ಡಾಕ್ಟರನ್ನ ಕೇಳಿ, ಅವರು ಹೂಂ ಅಂದ್ರಷ್ಟ ನಿಲ್ಲಸೂಣು."

ಹೃದಯದವರನ್ನು ಕೇಳಿದ್ದಾಯಿತು, ಒಂದು ಗುಳಿಗೆಯನ್ನು ಕೆಲವು ದಿನ ನಿಲ್ಲಿಸಿದ್ದಾಯಿತು. ಮೂತ್ರದಲ್ಲಿ ಸೋಂಕಿಲ್ಲ ಎಂದು ಪರೀಕ್ಷೆಯಾಯಿತು. ಸೋಂಕು ತಗಲದಂತೆ ಮೊದಲೇ ನುಂಗಲು ಗುಳಿಗೆ ಕೊಟ್ಟರು. ಬಯಾಪ್ಸಿಯ ಬೆಳಿಗ್ಗೆ ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿದರು. ಪಾಯಖಾನೆಯಿಂದ ಹೊರಬಂದ ಮಾವನನ್ನು ಅಮೋಘಸಿದ್ದಪ್ಪ ಸುತ್ತಲೂ ತಿರುಗಿ ನೋಡಿ, ಸಂತೆಗೆ ಹೊಡೆಯುವ ಎತ್ತಿಗಾದರೆ ಹೊಟ್ಟೆ ತುಂಬಿಸಿ ನಿಲ್ಲಿಸುತ್ತೇವೆ, ಇಲ್ಲಿ ಎಲ್ಲ ಉಲ್ಟಾ ಎಂದು ಬೇಸರಪಟ್ಟ.

ಮಾವ ಒಳಗೆ ಹೋದ ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಾಗಿಲಿಗೆ ಬಂದಳು.

"ಶಟ್ಟೆಪ್ಪನವರ ಕಡೆಯವರು ಯಾರ್ರಿ? ನೋವು ಹತ್ತರಾಗ ಎಷ್ಟ ಐತಿ ಅಂತ ಸರ್ ಕೇಳಿದ್ರ ಹೇಳವಲ್ರು. ಕೈ ಬೇಕಂತ."

ನನಗೆ ನೀಲಿ ಅಂಗಿ, ಟೊಪ್ಪಿಗೆ ತೊಡಿಸಿ ಒಳಗೆ ಬಿಟ್ಟರು. ಮಾವ ಎಡ ಮಗ್ಗುಲಾಗಿ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ಮಲಗಿದ್ದ. ಮೈಮೇಲೆ ಆಸ್ಪತ್ರೆಯ ಹಸಿರು ಬಟ್ಟೆ. ಎಲ್ಲವನ್ನೂ ಬಿಚ್ಚಿಕೊಟ್ಟಿದ್ದ, ವಸ್ತ್ರವನ್ನು ಮಾತ್ರ ಕೊಟ್ಟಿರಲಿಲ್ಲ. ಅದರ ಕೆಳಗೆ ಕೈ ಚಾಚಿ ಕಾಯುತ್ತಿದ್ದ. ನಾನು ಸ್ಟೂಲಿನ ಮೇಲೆ ಕುಳಿತು ಕೈ ಕೊಟ್ಟೆ.

ಡಾಕ್ಟರು ಕೊಳವೆಗೆ ತಣ್ಣನೆಯ ಜೆಲ್ಲು ಹಚ್ಚುತ್ತ, "ಬೆರಳಿನಷ್ಟ ದಪ್ಪ ಇರತೈತ್ರಿ ಕಾಕಾರ," ಎಂದರು.

"ಯಾರ ಬೆರಳರಿ?"

ಡಾಕ್ಟರು ಪ್ರಾಮಾಣಿಕ ಮನುಷ್ಯ. ಸ್ವಲ್ಪ ಯೋಚಿಸಿ, "ನನ್ನ ಬೆರಳಿಗಿಂತ ಸ್ವಲ್ಪ ದಪ್ಪ ಐತಿ," ಎಂದರು.

"ಕೈ ನೋಡಿ ಒಪ್ಪಿದ್ನಿ. ಈಗ ಬ್ಯಾರೇದ ತಂದೀರಿ," ಎಂದ ಮಾವ ಗೋಡೆಗೆ ಮುಖ ಮಾಡಿಕೊಂಡೇ.

ಪರದೆಯ ಮೇಲೆ ಮೋಡ ಕವಿದಂಥ ಬೂದು ಬಣ್ಣದ ಆಕಾರವೊಂದು ಮೂಡಿತು. ದೊಡ್ಡ ಅಡಿಕೆಯಷ್ಟು ಇರಬೇಕಾದದ್ದು ಲಿಂಬೆಹಣ್ಣಿನಷ್ಟಾಗಿದೆ ಎಂದರು ಡಾಕ್ಟರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಬೆದರಬಾರದೆಂದು ಸೂಜಿಯ ಯಂತ್ರವನ್ನು ಒಮ್ಮೆ ಗಾಳಿಯಲ್ಲೇ ಒತ್ತಿ ಸದ್ದು ಕೇಳಿಸಿದರು. ಟಕ್ ಎಂದಿತು. ಮಾವ ಕತ್ತು ಹೊರಳಿಸಿದ.

"ಸರಕಾರದವರು ಎತ್ತಿನ ಕಿವಿಗೆ ಬಿಲ್ಲೆ ಹೊಡೀತಾರಲ್ಲ, ಅದರ ಸಪ್ಪಳಾ ಇದು. ನನಗೂ ಬಿಲ್ಲೆ ಹಾಕಾವ್ರೇನ್ರಿ?"

"ನಿಮಗ ಏನೂ ಹಾಕಂಗಿಲ್ಲ, ತಗೊಂಡಷ್ಟ ಬಿಡತೇವಿ," ಎಂದರು ಡಾಕ್ಟರು.

ಮೊದಲ ಟಕ್ ಆಯಿತು. ಡಾಕ್ಟರು ನೋವೆಷ್ಟು ಎಂದರು. ವಸ್ತ್ರದ ಕೆಳಗೆ ಮಾವ ನನ್ನ ಒಂದು ಬೆರಳು ಹಿಡಿದ. ಒಂದು ಎಂದೆ. ಎರಡನೆಯ ಟಕ್ಕಿಗೆ ಅವನ ಇಡೀ ಮೈ ಬೆಚ್ಚಿತು, ಆದರೆ ಹಿಡಿದದ್ದು ಮತ್ತೆ ಒಂದೇ ಬೆರಳು. ಇವನು ಜೀವ ಹೋದರೂ ಇಳಿಸಿಯೇ ಹೇಳುವವನು ಎಂದು ನನಗೆ ಗೊತ್ತು. "ನಾಲ್ಕು," ಎಂದೆ. ಮಾವ ನನ್ನ ಕಿರುಬೆರಳನ್ನು ತಿರುಚಿದ. ನಾನು ಹಾ ಎಂದೆ.

"ನೋವು ಯಾರಿಗ್ರಿ?" ಎಂದರು ಡಾಕ್ಟರು.

"ಅವರು ಒಂದ ಕೊಟ್ರು, ನಾ ನಾಲ್ಕ ಮಾಡಿ ಹೇಳೇನ್ರಿ. ಈಗ ನಡುವ ದಲಾಲಿ ನಾನ ಇದ್ದೇನ್ರಿ ಸರ್."

ಡಾಕ್ಟರು ಏನು ಅರ್ಥ ಮಾಡಿಕೊಂಡರೋ, ಮರಗಟ್ಟಿಸುವ ಔಷಧವನ್ನು ಇನ್ನೊಂದಿಷ್ಟು ಕೊಟ್ಟರು. ಅಲ್ಲಿಂದ ಮುಂದೆ ಹಗುರಾಯಿತು. ಟಕ್, ಟಕ್ ಎಂದು ಚೂರುಗಳು ಪುಟ್ಟ ಬಾಟಲಿಗಳಿಗೆ ಹೋದವು. ಮಾವ ಸಂಖ್ಯೆ ಹೇಳುವುದನ್ನೇ ಬಿಟ್ಟ. ಅವನ ಅಂಗೈ ಒದ್ದೆಯಾಗಿತ್ತು. ಎಷ್ಟೋ ಸಂತೆಗಳಲ್ಲಿ ಎಷ್ಟೋ ಕೈ ಹಿಡಿದ ಮನುಷ್ಯ, ಹೆದರಿದ್ದ. ಅದು ತಿಳಿದು ನನಗೆ ಪಾಪ ಎನಿಸಿತು, ಅಲ್ಲಿಯವರೆಗಿನ ಸಿಟ್ಟೂ ಇಳಿಯಿತು.

ಆಮೇಲೆ ಕೂರಿಸಿ ನೀರು ಕುಡಿಸಿದರು. ಒಮ್ಮೆ ಮೂತ್ರ ಹೋಗಿ ತೋರಿಸಿದ ಮೇಲೆಯೇ ಮನೆಗೆ ಬಿಡುವುದು ಎಂದರು. ಕೆಲವು ದಿನ ಮೂತ್ರದಲ್ಲಿ, ಮಲದಲ್ಲಿ ರಕ್ತ ಕಾಣಬಹುದು, ಹೆದರಬೇಡಿ, ನೀರು ಹೆಚ್ಚು ಕುಡಿಯಿರಿ. ಚಳಿಜ್ವರ ಬಂದರೆ, ರಕ್ತ ಗಡ್ಡೆಗಟ್ಟಿ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಎಷ್ಟೇ ಹೊತ್ತಾಗಿರಲಿ ಓಡಿ ಬನ್ನಿ ಎಂದರು ಡಾಕ್ಟರು. ವೀರ್ಯದಲ್ಲೂ ಕೆಲವು ವಾರ ಕೆಂಪು ಬಣ್ಣ ಇರುತ್ತದೆ ಎಂಬುದನ್ನು ದನಿ ತಗ್ಗಿಸಿ ಹೇಳಿದರು. ಅಮೋಘಸಿದ್ದಪ್ಪ ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡ. ಮಾವ ಅವನನ್ನು ಚಹಾ ಕುಡಿದು ಬಾ ಎಂದು ಕಳಿಸಿದ.

ಕೊನೆಗೆ ಡಾಕ್ಟರು ವರದಿಯ ಮಾತು ತೆಗೆದರು. ಚೂರುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಸರಿ. ಇದ್ದರೆ ಅದಕ್ಕೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಒಂದು ಎಂದರೆ ಮೆಲ್ಲಗೆ ಬೆಳೆಯುವಂಥದು, ಬರೀ ಕಾದು ನೋಡಿದರೂ ನಡೆದೀತು. ಐದು ಎಂದರೆ ಜೋರಿನದು. ಒಂದು ಕೈಗೆ ಸರಿಯಾಗಿ ಹೊಂದುವ ಲೆಕ್ಕ. ಇಡೀ ವೈದ್ಯಶಾಸ್ತ್ರದಲ್ಲಿ ಮಾವನಿಗೆ ಪೂರ್ತಿ ತಿಳಿದದ್ದು ಇದೊಂದೇ.

ಮನೆಯಲ್ಲಿ ಮಾವ ಎಂದಿನಂತೆ ‘ಬರೋಬ್ಬರಿ ಐತಿ’ ಎಂದ. ಮರುದಿನ ಬಚ್ಚಲಿನಲ್ಲಿ ಕೆಂಪು ನೋಡಿ ಅತ್ತೆ ಗಾಬರಿಯಾದಾಗ, ಬೀಟ್‌ರೂಟ್ ತಿಂದಿದ್ದೆ ಎಂದ. ಅತ್ತೆ ಆ ಮನೆಯಲ್ಲಿ ಬೀಟ್‌ರೂಟ್ ಬೇಯಿಸಿದ್ದೇ ಇಲ್ಲ. ನನಗೆ ಫೋನ್ ಮಾಡಿದಳು. ಬಯಾಪ್ಸಿ ಆದ ಮೇಲೆ ಎಲ್ಲರಿಗೂ ಹೀಗಾಗುತ್ತದೆ, ಡಾಕ್ಟರೇ ಹೇಳಿದ್ದಾರೆ, ತಾನಾಗಿ ನಿಲ್ಲುತ್ತದೆ ಎಂದೆ. ದರ್ಜೆಯ ಲೆಕ್ಕವನ್ನೂ ಹೇಳಿಬಿಟ್ಟೆ. ಆಣೆ ಇದ್ದದ್ದು ವರದಿಗೆ, ವರದಿ ಇನ್ನೂ ಬಂದಿರಲಿಲ್ಲ.

"ಇಷ್ಟ ಮಾತ ಅವರು ಹೇಳಿದ್ರ ನಾ ಅವರ್ನ ತಿಂತಿದ್ನೇನು?" ಎಂದಳು ಅತ್ತೆ. ಆಮೇಲೆ ಆ ಕಡೆಯಿಂದ ಅಳುವ ಸದ್ದು ಬಂತು. ಹತ್ತಿರದವಳು ತಾನು, ಎಲ್ಲರಿಗಿಂತ ಕೊನೆಗೆ ತಿಳಿಯುವವಳೂ ತಾನು ಎಂದು ಅತ್ತಳು.

ವರದಿಯ ದಿನ ನಾನು ಸಂಪಗಾಂವಕ್ಕೆ ಹೋದಾಗ ಅತ್ತೆ ಬುತ್ತಿಗಂಟು ಹಿಡಿದು ಕಾರಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಳು. ವ್ಯಾಪಾರದ ಜಾಗಕ್ಕೆ ಹೆಂಗಸರು ಯಾಕೆ ಎಂದು ಮಾವ ಹೊರಗೆ ನಿಂತು ಗೊಣಗಿದ. ಅತ್ತೆ ಬೆಲ್ಟು ಕಟ್ಟಿಕೊಂಡಳು. ಕಟ್ಟುವುದು ಗೊತ್ತಿತ್ತು, ಬಿಚ್ಚುವುದು ಗೊತ್ತಿರಲಿಲ್ಲ. ಹಾಗಾಗಿ ಅವಳನ್ನು ಇಳಿಸುವ ಪ್ರಶ್ನೆಯೇ ಬರಲಿಲ್ಲ. ಅಮೋಘಸಿದ್ದಪ್ಪ ಹಿಂದಿನ ಸೀಟಿನಲ್ಲಿ ಸರಿದು ಮಾವನಿಗೆ ಜಾಗ ಮಾಡಿಕೊಟ್ಟ.

ಆಸ್ಪತ್ರೆಯಲ್ಲಿ ಅತ್ತೆ, ಅಮೋಘಸಿದ್ದಪ್ಪ ಹೊರಗಿನ ಬೆಂಚಿನ ಮೇಲೆ ಕುಳಿತರು. ಡಾಕ್ಟರು ಫೈಲು ತೆರೆದು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈ ಎತ್ತಿ ತಡೆದ.

"ಬಾಯಿಲೆ ಬ್ಯಾಡ್ರಿ," ಎಂದು ಮೇಜಿನ ಮೇಲೆ ವಸ್ತ್ರ ಹಾಸಿದ.

ಡಾಕ್ಟರು ನನ್ನನ್ನು ನೋಡಿದರು, ವಸ್ತ್ರವನ್ನು ನೋಡಿದರು. "ನಮ್ಮಜ್ಜ ಹಿಂಗ ಮಾಡತಿದ್ದ," ಎಂದು ನಕ್ಕರು. ನಂತರ ನಗು ಬಿಟ್ಟು ಕೈಯನ್ನು ಕೆಳಗೆ ತೂರಿಸಿದರು. ವಸ್ತ್ರ ಸ್ವಲ್ಪ ಅಲುಗಾಡಿತು, ನಿಂತಿತು. ಮಾವನ ಮುಖ ಸಂತೆಯಲ್ಲಿದ್ದಂತೆಯೇ ಇತ್ತು, ಅಲ್ಲಿ ಏನೂ ಬರೆದಿರಲಿಲ್ಲ. ಡಾಕ್ಟರು ಕೈ ತೆಗೆಯದೆಯೇ ಹೇಳಿದರು:

"ಸ್ಕ್ಯಾನ್ ಮಾಡಿ ಬ್ಯಾರೆ ಕಡೆ ಹರಡಿಲ್ಲ ಅನ್ನೂದು ಖಾತ್ರಿ ಮಾಡಿಕೊಳ್ಳೂಣು. ಇದಕ್ಕ ಔಷಧ ಐತಿ, ತಡಾ ಮಾಡೂದ ಬ್ಯಾಡ. ಮನಿಯವರಿಗೆ ಹೇಳ್ರಿ ಕಾಕಾರ. ಒಬ್ಬರ ಹೊತಗೊಂಡ ತಿರಗೂ ವಜ್ಜಿ ಅಲ್ಲ ಇದು."

ಫೈಲನ್ನು ನನ್ನ ಕೈಗೆ ಕೊಟ್ಟರು. ಬಾಗಿಲು ದಾಟುವಾಗ ತೆರೆದು ಓದಿದೆ. ದರ್ಜೆ ಮೂರು ಎಂದಿತ್ತು. ಫೈಲು ಮುಚ್ಚಿ ಕಂಕುಳಲ್ಲಿಟ್ಟುಕೊಂಡೆ.

ಹೊರಗೆ ಅಮೋಘಸಿದ್ದಪ್ಪ ಎದ್ದು ನಿಂತು ಮಾವನ ಮುಖವನ್ನು ಎಡದಿಂದ, ಬಲದಿಂದ ಓದಲು ನೋಡಿದ. "ಏನೂ ತಿಳೀವಲ್ದು," ಎಂದು ಮತ್ತೆ ಕುಳಿತ. ಅತ್ತೆ ಎದ್ದೇಳಲಿಲ್ಲ.

"ಎಷ್ಟ ಐತಿ?" ಎಂದು ಕೇಳಿದಳು.

"ಬರೋ..." ಎಂದು ಶುರು ಮಾಡಿದ ಮಾವ ಅಲ್ಲಿಗೇ ನಿಲ್ಲಿಸಿದ. ಆಮೇಲೆ ಅವಳ ಪಕ್ಕದಲ್ಲಿ ಕುಳಿತು, ಹೆಗಲಿನಿಂದ ವಸ್ತ್ರ ಎಳೆದು, ಅವಳ ಕೈಯ ಮೇಲೆ ಹೊದಿಸಿದ. ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆಯ ಕೈ ಆ ವಸ್ತ್ರದ ಕೆಳಗೆ ಹೋದದ್ದು ಅದೇ ಮೊದಲು. ಅದನ್ನು ಒಗೆದು ಒಣಗಿಸಿದ್ದಷ್ಟೇ ಅವಳ ಪಾಲಿಗೆ ಬಂದಿತ್ತು.

ಮಾವ ಇಳಿಸಿಯೇ ಹೇಳುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

"ಒಂದು," ಎಂದಳು ಅತ್ತೆ ಮೆಲ್ಲಗೆ. ನಾನು ಅಂದುಕೊಂಡದ್ದೇ ಆಯಿತು ಎಂದು ನೆಲ ನೋಡಿದೆ. ವಸ್ತ್ರ ಮತ್ತೆ ಅಲುಗಿತು. "ಎರಡು." ಇಷ್ಟಕ್ಕೆ ನಿಲ್ಲಿಸುತ್ತಾನೆ ಎಂದುಕೊಂಡೆ. ಮಾವ ಎದುರಿನ ಗೋಡೆಯನ್ನೇ ನೋಡುತ್ತಿದ್ದ. ವಸ್ತ್ರ ಇನ್ನೊಮ್ಮೆ ಅಲುಗಿತು.

"ಮೂರು," ಎಂದಳು.

ಆಮೇಲೆ ಅಲುಗಲಿಲ್ಲ. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದಳು. ಬಾಯಿ ಬಿಡಬಾರದೆಂದು ಆಣೆ ಇತ್ತು. ನಾನು ತಲೆಯಾಡಿಸಿದೆ. ಮಾವ ತನಗೆ ಬಂದ ಸಂಖ್ಯೆಯನ್ನು ಬಂದ ಹಾಗೆಯೇ ಅವಳ ಕೈಗೆ ದಾಟಿಸಿದ್ದ.

ಅತ್ತೆ ಅಳಲಿಲ್ಲ. ವಸ್ತ್ರದ ಕೆಳಗೆ ಏನೋ ಜೋರಾಗಿ ಹೊರಳಿತು. ಮಾವ ಗೋಡೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ಇದೇನ, ನೀ ಐದ ಹಿಡದಿ?"

"ನಿಮ್ಮ ಲೆಕ್ಕಾ ನನಗ ತಿಳಿಯಂಗಿಲ್ಲ," ಎಂದಳು ಅತ್ತೆ. "ಸಿಕ್ಕಷ್ಟ ಹಿಡದೇನಿ."